ಎಲ್ಲರ ಮೈಗೂ ಒಂದೇ ಕೋಟು

ನಾನು ಒಂದು ಕಪ್ಪು ಕೋಟು. ಗದಗಿನ ಒಬ್ಬ ಮದುಮಗನಿಗಾಗಿ ಹುಟ್ಟಿದವನು. ಆರತಕ್ಷತೆಯ ಒಂದು ಸಂಜೆ ಅವನ ಮೈಮೇಲೆ ಮೆರೆದೆ. ಆಮೇಲೆ ಅವನ ಹೊಟ್ಟೆ ಬೆಳೆಯಿತು, ನಾನು ಬೆಳೆಯಲಿಲ್ಲ. ಟ್ರಂಕಿನಲ್ಲಿ ನುಸಿಗುಳಿಗೆಯ ಜೊತೆ ಬಿದ್ದಿದ್ದ ನನ್ನನ್ನು ಅವನು ತನ್ನ ಗೆಳೆಯ, ಫೋಟೋ ಸ್ಟುಡಿಯೋದ ರುದ್ರಪ್ಪನಿಗೆ ಕೊಟ್ಟುಬಿಟ್ಟ.

ರುದ್ರಪ್ಪ ಮೊದಲು ಮಾಡಿದ ಕೆಲಸ ನನ್ನ ಬೆನ್ನನ್ನು ಉದ್ದಕ್ಕೆ ಕತ್ತರಿಸಿ ಲಾಡಿ ಹೊಲಿಸಿದ್ದು. ದಪ್ಪಗಿದ್ದವರಿಗೆ ಸಡಿಲ ಮಾಡುತ್ತಾನೆ, ತೆಳ್ಳಗಿದ್ದವರಿಗೆ ಬಿಗಿ ಕಟ್ಟುತ್ತಾನೆ. ಪದವಿ ಮುಗಿಸಿ ಕೆಲಸ ಹುಡುಕುವ ಊರಿನ ಹುಡುಗ ಹುಡುಗಿಯರೆಲ್ಲ ನನ್ನನ್ನೇ ತೊಟ್ಟು ಫೋಟೋ ತೆಗೆಸಿಕೊಂಡರು. ಹಿಂದಿನಿಂದ ನೋಡಿದರೆ ನಗು ಬರುತ್ತದೆ, ನಿಜ. ಆದರೂ ಇಲ್ಲದವರ ಮಕ್ಕಳಿಗೆ ಒಂದು ಗಳಿಗೆಯ ಧೈರ್ಯ ಕೊಡುತ್ತೇನೆ ಅಂತ ಬೀಗುತ್ತಿದ್ದೆ.

ಹಾಗೆ ಬಂದವರು ನೀಲಾಂಬಿಕಾ ಮತ್ತು ಭುವನಾ. ಇಬ್ಬರೂ ಆಹಾರ ತಂತ್ರಜ್ಞಾನ ಓದಿದವರು, ಒಂದೇ ತಾಟಿನಲ್ಲಿ ಉಂಡವರು. ನೀಲಾಳ ತಾಯಿ ಶಂಕ್ರವ್ವ ಖಾನಾವಳಿಗಳಿಗೆ ಕಡಕ್ ರೊಟ್ಟಿ ಬಡಿದುಕೊಡುವಾಕೆ. ಹೊಗೆ ಕುಡಿದು ಕುಡಿದು ಅವಳ ಎದೆ ಕೆಟ್ಟಿತ್ತು. ಅವ್ವನನ್ನು ಒಲೆಯ ಮುಂದಿನಿಂದ ಎಬ್ಬಿಸಬೇಕು, ಅದಕ್ಕೆ ತನಗೊಂದು ಕೆಲಸ ಬೇಕು. ನೀಲಾಳಿಗಿದ್ದ ಹಟ ಇದೊಂದೇ. ಕಾಲೇಜಿನಲ್ಲಿ ಅವಳು ಕಡಕ್ ರೊಟ್ಟಿ ದೂರದ ಪ್ರಯಾಣದಲ್ಲೂ ಮುರಿಯದ, ಮೆತ್ತಗಾಗದ ಒಂದು ಡಬ್ಬಿ ಮಾಡಿದ್ದಳು. ಹುಬ್ಬಳ್ಳಿಯ ಒಂದು ತಿನಿಸಿನ ಕಂಪನಿಗೆ ಅಂಥದ್ದು ಮಾಡಬಲ್ಲ ಒಬ್ಬರು ಬೇಕಾಗಿದ್ದರು. ಈಗ ಅರ್ಜಿ ಹಾಕಿದರೆ ಸಾಲದಂತೆ. ಲಿಂಕ್ಡ್‌ಇನ್‌ನಲ್ಲಿ ವಿಡಿಯೊ ಹಾಕಿ, ನಾನು ಇಂಥವಳು ಅಂತ ಹೇಳಿಕೊಳ್ಳಬೇಕಂತೆ.

ನೀಲಾಳಿಗೆ ಅದೇ ಆಗದ ಮಾತು. ನಮ್ಮ ಕಡೆ ಸನ್ಮಾನ ಮಾಡಿಸಿಕೊಳ್ಳುವವರು ಶಾಲು ಹೊದ್ದು ತಲೆ ತಗ್ಗಿಸಿ ಕೂರುತ್ತಾರೆ, ಗುಣಗಾನ ಮಾಡುವವರು ಬೇರೆಯವರು. ತನ್ನ ಹಿರಿಮೆ ತಾನೇ ಹೇಳಿಕೊಂಡರೆ ಜನ ನಗುತ್ತಾರೆ. ಆಗ ಭುವನಾ ಒಂದು ದಾರಿ ಹುಡುಕಿದಳು.

“ನಿನ್ನ ಬಗ್ಗೆ ನಾ ಹೇಳ್ತೀನಿ, ನನ್ನ ಬಗ್ಗೆ ನೀ ಹೇಳು. ಇಬ್ಬರಿಗೂ ಸಂಕೋಚಿಲ್ಲ.”

ಮೊದಲು ನೀಲಾ ನನ್ನನ್ನು ತೊಟ್ಟಳು. ಗೆಳತಿಯನ್ನು ಬಾಯ್ತುಂಬ ಹೊಗಳಿದಳು. ಇವಳಷ್ಟು ಜಾಣೆ ನಮ್ಮ ತರಗತಿಯಲ್ಲಿ ಯಾರೂ ಇರಲಿಲ್ಲ, ಇವಳು ಕೈ ಹಾಕಿದ ಕೆಲಸ ಕೆಡುವುದಿಲ್ಲ ಅಂದಳು. ಆಮೇಲೆ ಭುವನಾ ತೊಟ್ಟಳು. ಡಬ್ಬಿಯನ್ನು ಪದರ ಪದರವಾಗಿ ಬಿಚ್ಚಿ ತೋರಿಸಿದಳು. ಕೊನೆಗೆ, ಇದನ್ನು ಮಾಡಿದವಳು ನನ್ನ ಗೆಳತಿ ನೀಲಾಂಬಿಕಾ ಅಂದಳು. ಇಂಥ ಸ್ನೇಹವೂ ಇದೆಯಲ್ಲ ಅಂತ ನಾನು ಉಬ್ಬಿಹೋದೆ. ಎರಡು ವಿಡಿಯೊಗಳನ್ನೂ ಹಿಡಿದದ್ದು ಭುವನಾಳ ಮೊಬೈಲು. ರುದ್ರಪ್ಪನದು ದೀಪ, ಪರದೆ ಮತ್ತು ನಾನು, ಅಷ್ಟೇ. ಕೊನೆಗೆ ಅವನು ಇಬ್ಬರದೂ ಒಂದೊಂದು ಫೋಟೋ ತೆಗೆದ.

ಸ್ವಲ್ಪ ದಿನಕ್ಕೆ ನೀಲಾ ಒಬ್ಬಳೇ ಬಂದಳು. ಮೊಬೈಲನ್ನು ರುದ್ರಪ್ಪನ ಮುಂದಿಟ್ಟಳು. ಭುವನಾ ತನ್ನ ವಿಡಿಯೊ ಹಾಕಿಕೊಂಡಿದ್ದಳು, ನೀಲಾಳ ಹೆಸರಿದ್ದ ಕೊನೆಯ ಮಾತನ್ನು ಕತ್ತರಿಸಿ. ಅದರ ಕೆಳಗೇ ನೀಲಾಳ ಹೊಗಳಿಕೆಯನ್ನೂ ಅಂಟಿಸಿದ್ದಳು. ಕಂಪನಿ ಭುವನಾಳನ್ನು ಕರೆದು ಕೆಲಸ ಕೊಟ್ಟಿತ್ತು. ಡಬ್ಬಿ ನನ್ನದು ಅಂತ ನೀಲಾ ಕಂಪನಿಗೆ ಬರೆದದ್ದಕ್ಕೆ, ನೀವೇ ಅವರನ್ನು ಹೊಗಳಿದ್ದೀರಲ್ಲ ಎಂಬ ಉತ್ತರ ಬಂದಿತ್ತು.

“ಆಕಿ ತನ್ನ ಬಾಯಿಲೆ ಒಂದೂ ಸುಳ್ಳ ಹೇಳಿಲ್ರಿ ಕಾಕಾ. ನನ್ನ ಬಾಯಿಲೇನ ಹೇಳಿಸ್ಯಾಳ,” ಅಂದಳು. “ಅವತ್ತ ನೀವ ಇಲ್ಲೇ ಇದ್ರಿ. ಕಂಪನಿಗೆ ಒಂದ ಮಾತ ಹೇಳ್ರಿ.”

ರುದ್ರಪ್ಪ ಕ್ಯಾಮೆರಾದ ಗಾಜು ಒರೆಸಿದ. ಇಬ್ಬರೂ ತನ್ನ ಗಿರಾಕಿಗಳು, ತಾನು ನಡುವೆ ಬಂದರೆ ಚೆನ್ನಾಗಿರುವುದಿಲ್ಲ ಅಂದ. ನೀಲಾ ಮೊಬೈಲು ಎತ್ತಿಕೊಂಡು ಹೊರಟುಹೋದಳು. ಭುವನಾಳ ಮೇಲೆ ಬಂದ ಸಿಟ್ಟಿಗಿಂತ ಹೆಚ್ಚು ಸಿಟ್ಟು ಆಗ ನನಗೆ ಇವನ ಮೇಲೆ ಬಂತು.

ಅಷ್ಟಕ್ಕೇ ಮುಗಿಯಲಿಲ್ಲ. ನನ್ನನ್ನು ತೊಟ್ಟು ನಗುತ್ತಿರುವ ಭುವನಾಳ ಫೋಟೋವನ್ನು ರುದ್ರಪ್ಪ ದೊಡ್ಡದು ಮಾಡಿಸಿ ಬಾಗಿಲ ಪಕ್ಕದ ಗಾಜಿನೊಳಗೆ ಹಾಕಿದ. ಈ ಕೋಟು ತೊಟ್ಟರೆ ಕೆಲಸ ಖಾತ್ರಿ ಅಂತ ಸುದ್ದಿ ಹಬ್ಬಿತು, ಹುಡುಗರು ಸಾಲುಗಟ್ಟಿದರು. ಈಗ ನನ್ನ ಕಾಲರು ಸವೆದಿದೆ, ತೋಳಿನ ಅಂಚು ಬಿಚ್ಚಿಕೊಂಡಿದೆ. ಚಿಂದಿಗೆ ಹಾಕಿದರೆ ಸಾಕು ಅನ್ನಿಸುತ್ತದೆ, ಇವನು ಬಿಡುವುದಿಲ್ಲ.

ನಿನ್ನೆ ಮಧ್ಯಾಹ್ನ ಶಂಕ್ರವ್ವ ಪಕ್ಕದ ಖಾನಾವಳಿಗೆ ರೊಟ್ಟಿ ಹೊತ್ತು ಬಂದವಳು ಗಾಜಿನ ಮುಂದೆ ನಿಂತಳು. ಬುಟ್ಟಿ ಇಳಿಸಿ, ಕೆಮ್ಮಿ, ಉಸಿರು ತಂದುಕೊಂಡು ಫೋಟೋ ನೋಡಿದಳು. ನೀಲಾ ಅವ್ವನಿಗೆ ಏನೂ ಹೇಳಿಲ್ಲ ಅಂತ ನನಗೆ ಆಗಲೇ ತಿಳಿದದ್ದು.

“ಇಕಿ ನಮ್ಮ ನೀಲಾನ ಗೆಳತಿ ರೀ, ಭಾಳ ಶಾಣ್ಯಾಕಿ,” ಅಂದಳು ರುದ್ರಪ್ಪನಿಗೆ. “ನಮ್ಮಾಕಿಗೂ ಎಲ್ಲ್ಯಾರ ಒಂದ ಕೆಲಸ ಹಚ್ಚವ್ವಾ ಅಂತ ಇಕಿ ಕೈಕಾಲ ಹಿಡೀಬೇಕು.”

ನನಗೆ ಬಾಯಿಲ್ಲ. ಬಾಯಿದ್ದವನು ತಲೆಯಾಡಿಸಿದ. ಶಂಕ್ರವ್ವ ಫೋಟೋದ ಮುಂದೆ ಎರಡೂ ಕೈಯಿಂದ ದೃಷ್ಟಿ ತೆಗೆದು, ಬುಟ್ಟಿ ಎತ್ತಿಕೊಂಡು ಹೋದಳು.