ಹಡಗು ಹತ್ತಿ ಬಂದ ಬೀಟೆ

ಕುದುರೆ ಕಿತ್ತು ಬಂದಿತ್ತು. ಆರು ತಂತಿಗಳನ್ನೂ ಹಿಡಿದು ನಿಲ್ಲಿಸಬೇಕಾದ ಆ ಕರಿಮರದ ತುಂಡು ಗಿಟಾರಿನ ಮೈಯಿಂದ ಬೇರೆಯಾಗಿ ಸಡಿಲ ತಂತಿಗಳ ನಡುವೆ ತೂಗಾಡುತ್ತಿತ್ತು. ಸೂಸೈರಾಜ್ ಪೆಟ್ಟಿಗೆಯ ಮುಚ್ಚಳ ಹಿಡಿದುಕೊಂಡೇ ಅದನ್ನು ನೋಡಿದ. ಅವನಿಗೆ ಮೊದಲು ಆದದ್ದು ಸಂತೋಷ. ಅದು ಸಂತೋಷವೆಂದು ಗೊತ್ತಾದ ಮೇಲೆ ಗಾಬರಿಯಾಯಿತು.

ಇವತ್ತು ನಾದಿನಿ ಕ್ಯಾಥರೀನಳ ಮದುವೆ. ಒಂಬತ್ತಕ್ಕೆ ಇಗರ್ಜಿಯಲ್ಲಿ ಪೂಜೆ. ನಾಲ್ಕಕ್ಕೆ ಲಷ್ಕರ್ ಮೊಹಲ್ಲಾದ ಮಾವನ ಮನೆಯ ಚಪ್ಪರದಲ್ಲಿ ಅವನ ಗಿಟಾರು. ಹೆಂಡತಿ ಸೆಲ್ವಮೇರಿ ಎರಡು ದಿನ ಮುಂಚೆಯೇ ತವರಿಗೆ ಹೋಗಿದ್ದಳು. ಒಂಟಿಕೊಪ್ಪಲಿನ ಮನೆಯಲ್ಲಿ ಅವನೂ ಗಿಟಾರೂ ಇಬ್ಬರೇ.

ವೈಸ್‌ಲರ್ ಅಂಡ್ ಸನ್ಸ್. ನೂರು ವರ್ಷ ದಾಟಿದ ಸೀಮೆಯ ಗಿಟಾರು ಕಂಪನಿ. ಮದರಾಸಿನ ಅಂಗಡಿಯೊಂದರ ಕ್ಯಾಟಲಾಗಿನಲ್ಲಿ ಆ ಹೆಸರು ಓದಿದಾಗ ಸೂಸೈರಾಜ್ ಫಿಲಾಸಫಿಯಲ್ಲಿ ಬಿ.ಎ. ಮುಗಿಸಿ, ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟರಾಗಿ ಒಂದು ವರ್ಷವಾಗಿತ್ತು. ಸಂಬಳ ಐವತ್ತು. ಗಿಟಾರಿಗೆ ಇನ್ನೂರ ಎಂಬತ್ತು. ಮುಂದಿನ ಪುಟದಲ್ಲಿ ಹೆಸರಿಲ್ಲದ ಗಿಟಾರೊಂದು ಮೂವತ್ತಕ್ಕಿತ್ತು. ಅವನು ಅದನ್ನು ನೋಡಿ, ನಾಚಿಕೊಂಡು, ಹಾಳೆಯನ್ನು ಹಿಂದಕ್ಕೆ ಮಗುಚಿದ್ದ.

ಗಿಟಾರು ಬಂದ ದಿನ ಅಕ್ಕಪಕ್ಕದವರೆಲ್ಲ ನೋಡಲು ಬಂದರು. ನುಡಿಸಿ ಎಂದು ಯಾರೂ ಹೇಳಲಿಲ್ಲ. ಎಷ್ಟಾಯಿತು ಎಂದು ಕೇಳಿದರು. ಹೇಳಿದ. ಎಲ್ಲರೂ ಸ್ವಲ್ಪ ಹೊತ್ತು ಸುಮ್ಮನಾದರು. ಆ ಮೌನ ಅವನಿಗೆ ಬಹಳ ದಿನ ಕೇಳಿಸುತ್ತಿತ್ತು, ಗಿಟಾರಿನ ಸ್ವರಕ್ಕಿಂತ ಚೆನ್ನಾಗಿ.

ಅದಾಗಿ ಏಳು ವರ್ಷ. ಈಗಲೂ ನುಡಿಸುವಾಗ ಉಗುರು ತಾಗಿ ಗೆರೆ ಬಿದ್ದೀತೆಂಬ ಭಯ. ಅಂಗಿಯ ಗುಂಡಿ ತಾಗೀತೆಂಬ ಭಯ. ಸೆಲ್ವಮೇರಿ ಧೂಳು ಒರೆಸುವುದಾದರೆ ಹಳೆಯ ರೇಷ್ಮೆ ಬಟ್ಟೆಯಿಂದಲೇ ಒರೆಸಬೇಕು.

ಅವನು ಜಟಕಾ ಹಿಡಿದು ಮಂಡಿ ಮೊಹಲ್ಲಾಕ್ಕೆ ಹೋದ.

ಮರಿಸ್ವಾಮಿಯ ಅಂಗಡಿ ಆಗಲೇ ತೆಗೆದಿತ್ತು. ನಂಜನಗೂಡಿನ ಕಡೆಯ ಒಕ್ಕಲು ಮನೆಯವನು. ಚಿಕ್ಕಂದಿನಲ್ಲೇ ಊರು ಬಿಟ್ಟು ಬಂದು ಬೀಟೆ ಮರದಲ್ಲಿ ದಂತ ಕೂರಿಸುವ ಕೆಲಸ ಕಲಿತು, ಈಗ ಐವತ್ತು ದಾಟಿದವನು. ಮೇಜು, ಪೆಟ್ಟಿಗೆ ಮಾಡುತ್ತಿದ್ದ. ಹಾರ್ಮೋನಿಯಂ ರಿಪೇರಿಯನ್ನೂ ಮಾಡುತ್ತಿದ್ದ. ಎರಡು ವರ್ಷದ ಹಿಂದೆ ಇದೇ ಗಿಟಾರಿನ ತಂತಿ ಬಿಗಿಸುವ ಬಿರಡೆ ಸರಿಮಾಡಿಕೊಟ್ಟಿದ್ದ.

"ಬಿಸ್ಲಿಗೆ ಅಂಟು ಬುಟ್ಬುಟ್ಟದೆ," ಎಂದ. "ಅವ್ರೂರಲ್ಲಿ ಇಂಥಾ ಬಿಸ್ಲು ಇರಕ್ಕಿಲ್ಲ ಮೇಷ್ಟ್ರೇ. ಕಂಪ್ನಿ ಎಷ್ಟು ಹಳೇದು ಅಂತ ಅಂಟಿಗೇನು ಗೊತ್ತು?"

"ನಾಲ್ಕು ಗಂಟೆಗೆ ಬೇಕು."

"ನಾಳೆ ಬೆಳಿಗ್ಗೆ. ಒಣಗ್ಬೇಕಲ್ಲ."

"ಸ್ವಲ್ಪ ಬೇಗ ಆಗಲ್ವಾ?"

"ಆಯ್ತದೆ. ಆಮೇಲೆ ಜನದ ಮುಂದೆ ಕಿತ್ಕಂಡು ಬತ್ತದೆ."

ಮರಿಸ್ವಾಮಿ ಗಿಟಾರನ್ನು ಮಗುಚಿ ಹಿಂದಿನ ಹಲಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿದ. ತಲೆ ಓರೆ ಮಾಡಿ ಕೇಳಿದ.

"ಇದು ನಮ್ ಬೀಟೆ ಕಣ್ರೀ. ಕಾಕನಕೋಟೆ ಕಾಡಿಂದೋ ಏನೋ. ಹಡಗು ಹತ್ತಿ ಹೋಗಿ, ಹಡಗು ಹತ್ತಿ ವಾಪಸ್ ಬಂದದೆ."

ಸೂಸೈರಾಜ್‌ಗೆ ತನ್ನ ಮನೆತನದ ಬಗ್ಗೆ ಯಾರೋ ಏನೋ ಅಂದಂತಾಯಿತು.

"ಹಾಗಾದ್ರೆ ಅಷ್ಟು ಬೆಲೆ ಯಾಕೆ?"

"ಕೆಲ್ಸ ಚೆನ್ನಾಗದೆ. ಸುಳ್ಳೇಳಬಾರ್ದು. ಒಳಗೆ ಕೈ ಆಕಿ ನೋಡಿ, ಕಣ್ಣಿಗೆ ಕಾಣ್ದಿರೋ ಕಡೆನೂ ನುಣುಪು. ಆ ಕೈಗೆ ಕೊಡ್ಬೇಕಾದ್ದೇ." ಮರಿಸ್ವಾಮಿ ಪೆಟ್ಟಿಗೆಯ ಮೇಲಿನ ಹೆಸರಿಗೆ ಬೆರಳು ತೋರಿದ. "ಮಿಕ್ಕಿದ್ದು ಆ ಹೆಸರು ಬರೆದವ್ನಿಗೆ."

ಅವನು ಒಳಗೆ ಹೋಗಿ ಇನ್ನೊಂದು ಗಿಟಾರು ತಂದ. ಬಿರಡೆ ಸರಿಮಾಡುವಾಗ ಹಳೆಯ ಪತ್ರಿಕೆಯ ಮೇಲೆ ವೈಸ್‌ಲರಿನ ಅಳತೆ ಬರೆದುಕೊಂಡಿದ್ದನಂತೆ. ಹಿಂದೆ, ಪಕ್ಕಕ್ಕೆ ಬೀಟೆ. ಮುಂದಿನ ಹಲಗೆಗೆ ಬೇಕಾದ ಹಗುರ ಮರ ಈ ಕಡೆ ಸಿಗುವುದಿಲ್ಲ. ಯಾರದೋ ಬಂಗಲೆಗೆ ಸೀಮೆಯಿಂದ ಪಿಯಾನೋ ಬಂದಿತ್ತು. ಅದನ್ನು ತುಂಬಿ ತಂದ ಪೆಟ್ಟಿಗೆಯ ಹಲಗೆಗಳನ್ನು ಕೊಂಡು, ಕೆತ್ತಿ, ತೀಡಿ ಹಾಕಿದ್ದ.

"ಇಪ್ಪತ್ತೆರಡು ರೂಪಾಯಿ ಅಂದೆ. ಒಬ್ರೂ ತಕಳಲಿಲ್ಲ. ಕಮ್ಮಿ ಆಯ್ತೇನೋ."

ಸೂಸೈರಾಜ್ ಒಂದು ತಂತಿ ಮೀಟಿದ. ಸ್ವರ ಎದ್ದು, ಅಂಗಡಿಯ ಹಲಗೆಗಳ ನಡುವೆ ಸ್ವಲ್ಪ ಹೊತ್ತು ನಿಂತು, ಕರಗಿತು. ಚೆನ್ನಾಗಿದೆಯೇ? ಅವನಿಗೆ ಗೊತ್ತಾಗಲಿಲ್ಲ. ಹೆಸರು ಗೊತ್ತಿಲ್ಲದ ಸ್ವರವನ್ನು ಅವನು ಇದುವರೆಗೆ ಕೇಳಿರಲಿಲ್ಲ.

"ಇವತ್ತೊಂದಿನ ಇದ್ನೇ ನುಡಿಸ್ಬುಡಿ."

ಅದು ವೈಸ್‌ಲರಿನ ಪೆಟ್ಟಿಗೆಯಲ್ಲಿ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದೆ ಕೂತಿತು. ಮುಚ್ಚಳ ಹಾಕಿದ ಮೇಲೆ ಎಲ್ಲವೂ ಮೊದಲಿನಂತೆಯೇ ಇತ್ತು. ಹೊರಡುವಾಗ ಸಂಕೋಚಕ್ಕೆ ಎಂಬಂತೆ, "ಸಂಜೆ ನೀವೂ ಬನ್ನಿ," ಎಂದ. ಮರಿಸ್ವಾಮಿ ಅದನ್ನು ನಿಜವೆಂದೇ ತಿಳಿದ.

ನಾಲ್ಕಕ್ಕೆ ಚಪ್ಪರ ತುಂಬಿತ್ತು. ಬಣ್ಣದ ಕಾಗದದ ತೋರಣ, ಮಲ್ಲಿಗೆ, ಪಲಾವಿನ ಘಮ, ಅತ್ತೆ ಅಂತೋಣಿಯಮ್ಮ ಮನೆಯಲ್ಲೇ ಮಾಡಿದ ದ್ರಾಕ್ಷಿ ವೈನು. ಬೆಳಿಗ್ಗೆ ಪಾದ್ರಿಗಳ ಮುಂದೆ ಒಪ್ಪಿಗೆ ಹೇಳುವಾಗ ಕ್ಯಾಥರೀನ್ ನಕ್ಕುಬಿಟ್ಟಿದ್ದಳಂತೆ. ಆ ಸುದ್ದಿ ಇನ್ನೂ ಬಾಯಿಂದ ಬಾಯಿಗೆ ಹೋಗುತ್ತ ದೊಡ್ಡದಾಗುತ್ತಿತ್ತು. ಸೂಸೈರಾಜ್ ಇಗರ್ಜಿಯಲ್ಲಿ ಎರಡನೆಯ ಸಾಲಿನಲ್ಲೇ ನಿಂತಿದ್ದ. ಅವನು ಅದನ್ನು ಗಮನಿಸಿರಲಿಲ್ಲ.

ಮಾವ ಅಂತೋಣಿಸ್ವಾಮಿ ಎದ್ದು ಕೈ ಎತ್ತಿದರು. ಮೂವತ್ತು ವರ್ಷ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದಿದವರು. ಕಿವಿಯ ವಿಷಯದಲ್ಲಿ ಅವರ ಮಾತಿಗೆ ಆ ಬೀದಿಯಲ್ಲಿ ಎದುರಿರಲಿಲ್ಲ.

"ಅಳಿಯಂದ್ರು ನುಡಿಸ್ತಾರೆ. ಸ್ವಲ್ಪ ಸುಮ್ನಿರಿ."

ಸೂಸೈರಾಜ್ ಕುರ್ಚಿಯ ಅಂಚಿನಲ್ಲಿ ಕೂತು ಮೊದಲ ಸ್ವರ ಹಿಡಿದ. ಯಾರಾದರೂ ಏಳುತ್ತಾರೆ, ಇದೇನಿದು ಎನ್ನುತ್ತಾರೆ ಎಂದು ಕಾದ. ಯಾರೂ ಏಳಲಿಲ್ಲ. ಪದದ ನಾಲ್ಕನೆಯ ಸಾಲಿಗೆ ಬರುವಷ್ಟರಲ್ಲಿ ಉಗುರು ಹಲಗೆಗೆ ತಾಗಿ ಗೆರೆ ಬಿತ್ತು. ಅವನ ಕೈ ನಿಲ್ಲಲಿಲ್ಲ. ಗೆರೆ ಬಿದ್ದರೆ ಬಿದ್ದಿತು. ಪೆಟ್ಟಿಗೆ ಮರ.

ಆಮೇಲೆ ಏನಾಯಿತೋ ಅವನಿಗೆ ಸರಿಯಾಗಿ ತಿಳಿಯದು. ಬೆರಳುಗಳು ಅವನನ್ನು ಕೇಳದೆ ಮುಂದೆ ಹೋದವು. ಕಾಲು ನೆಲ ತಟ್ಟತೊಡಗಿತು. ಮದುಮಗ ಪೀಟರ್ ಕ್ಯಾಥರೀನಳ ಕೈ ಹಿಡಿದು ಎಬ್ಬಿಸಿದ. ರೈಲ್ವೆಯಲ್ಲಿ ಕೆಲಸ ಮಾಡುವ ಆ ದಪ್ಪ ಹುಡುಗ ಹೀಗೆ ಹಗುರವಾಗಿ ಕುಣಿದಾನೆಂದು ಯಾರೂ ಎಣಿಸಿರಲಿಲ್ಲ. ಅಂತೋಣಿಯಮ್ಮ ಬಡಿಸುವ ಸೌಟು ಹಿಡಿದೇ ಎರಡು ಸುತ್ತು ಸುತ್ತಿದರು. ಚಪ್ಪರದ ಗಳುಗಳು ಅಲುಗಾಡಿದವು. ಸೂಸೈರಾಜ್ ಒಂದು ಪದ ಮುಗಿಸಿ ಇನ್ನೊಂದಕ್ಕೆ ಹೋದ, ಅದರಿಂದ ಮತ್ತೊಂದಕ್ಕೆ. ಅಷ್ಟು ಹೊತ್ತು ಅವನು ತನ್ನನ್ನು ತಾನು ನೋಡಿಕೊಳ್ಳಲಿಲ್ಲ. ಎಷ್ಟೋ ವರ್ಷಗಳಲ್ಲಿ ಹಾಗಾದದ್ದು ಅದೇ ಮೊದಲು.

ನಿಲ್ಲಿಸಿದಾಗ ಚಪ್ಪಾಳೆ ಬಹಳ ಹೊತ್ತು ನಡೆಯಿತು.

ಅಂತೋಣಿಸ್ವಾಮಿ ಕಣ್ಣೊರೆಸಿಕೊಂಡು ಸುತ್ತ ನೋಡಿದರು. "ಕೇಳಿದ್ರಾ? ಅದಕ್ಕೇ ನಾನು ಹೇಳೋದು. ನೂರು ವರ್ಷದ ಕಂಪ್ನಿ. ಆ ಮಂದ್ರದ ತುಂಬು ನೋಡಿ. ಇನ್ನೂರ ಎಂಬತ್ತು ಕೊಟ್ರೂ ಸಸ್ತಾನೇ."

"ಸುಮ್ನೆ ಬರುತ್ತಾ ಆ ಹೆಸರು," ಎಂದರು ಯಾರೋ.

ಜನ ಹತ್ತಿರ ಬಂದು ಗಿಟಾರನ್ನು ನೋಡಿದರು. ಒಬ್ಬರು ಅದರ ಭುಜವನ್ನು ಮೆಲ್ಲಗೆ ಮುಟ್ಟಿದರು. ಮಂಡಿ ಮೊಹಲ್ಲಾದಲ್ಲಿ ಒಣಗುತ್ತ ಬಿದ್ದಿದ್ದ ಇನ್ನೊಂದು ಗಿಟಾರನ್ನು ಎಲ್ಲರೂ ಸೇರಿ ಹೊಗಳುತ್ತಿದ್ದರು. ಹಾಗಾದರೆ ಇಷ್ಟು ಹೊತ್ತು ನುಡಿಸಿದವನು ಯಾರು? ಸೂಸೈರಾಜ್‌ಗೆ ಹಲಗೆಯ ಮೇಲಿನ ಗೆರೆ ಕಾಣಿಸಿತು. ಏಳು ವರ್ಷ ತಾನೂ ಇವರ ಹಾಗೆಯೇ ಕೇಳುತ್ತಿದ್ದೆನೆ?

ಚಪ್ಪರದ ಬಾಗಿಲಲ್ಲಿ ಮರಿಸ್ವಾಮಿ ನಿಂತಿದ್ದ. ಒಗೆದ ಪಂಚೆ, ಕೋಟು, ಕೈಯಲ್ಲಿ ವೈನಿನ ಲೋಟ. ಅಂತೋಣಿಸ್ವಾಮಿ ಅವನನ್ನು ಬಲ್ಲರು.

"ಏನ್ ಮರಿಸ್ವಾಮಿ, ಇಂಥಾದ್ದು ನಮ್ಮೂರಲ್ಲಿ ಮಾಡಕ್ಕಾಗುತ್ತೇನಯ್ಯ?"

"ಮಾಡ್ಬೌದು," ಎಂದ ಮರಿಸ್ವಾಮಿ. "ಕೇಳೋರು ಬೇಕು."

ಎಲ್ಲರೂ ಸೂಸೈರಾಜ್‌ನ ಕಡೆ ತಿರುಗಿದರು. ಬೆಲೆ ಹೇಳಿದ ದಿನದ ಮೌನವೇ ಇದು ಎಂದು ಅವನಿಗೆ ಅನ್ನಿಸಿತು. ಎದ್ದು ನಿಂತ.

"ಮಾವ, ಇದು ವೈಸ್‌ಲರ್ ಅಲ್ಲ. ಮರಿಸ್ವಾಮಿ ಮಾಡಿದ್ದು. ಪಿಯಾನೋ ಬಂದ ಪೆಟ್ಟಿಗೆ ಹಲಗೇಲಿ."

ಮೊದಲು ಪೀಟರ್ ನಕ್ಕ. ಕ್ಯಾಥರೀನ್ ನಕ್ಕಳು. ಇಡೀ ಚಪ್ಪರ ನಕ್ಕಿತು. ಅಂತೋಣಿಸ್ವಾಮಿ ಅಳಿಯನ ಬೆನ್ನು ತಟ್ಟಿದರು. "ನೋಡಿದ್ರಾ, ನಮ್ ಮೇಷ್ಟ್ರಿಗೆ ತಮಾಷೆನೂ ಬರುತ್ತೆ." ನಗು ತಡೆದುಕೊಳ್ಳಲಾರದೆ ಒಬ್ಬರು ಬೆಂಚಿನ ಮೇಲೆ ಕೂತರು.

ಮರಿಸ್ವಾಮಿಯೂ ನಗುತ್ತಿದ್ದ. ಎಲ್ಲರಿಗಿಂತ ಜೋರಾಗಿ.

"ನಿಜ," ಎಂದ ಸೂಸೈರಾಜ್.

ನಗು ಇನ್ನೂ ಹೆಚ್ಚಾಯಿತು. ಯಾರೋ ಅವನ ಲೋಟ ತುಂಬಿದರು. ಅವನಿಗೂ ನಗು ಬಂತು. ಆ ನಗುವಿನಲ್ಲಿ ಸುಳ್ಳಿರಲಿಲ್ಲ. ಅದೇ ಅವನನ್ನು ಹೆದರಿಸಿತು.

ಸೆಲ್ವಮೇರಿ ತಟ್ಟೆ ಹಿಡಿದು ಪಕ್ಕಕ್ಕೆ ಬಂದಳು. ಹೊಸ ಸೀರೆ, ಕುಣಿದು ಕೆಂಪಾದ ಮುಖ.

"ಅದೆಲ್ಲಿ?" ಎಂದಳು, ತಗ್ಗಿದ ದನಿಯಲ್ಲಿ.

"ಯಾವುದು?"

"ನಾನು ಒರೆಸೋದು."

"ಅಂಗಡೀಲಿ. ಕುದುರೆ ಕಿತ್ಕೊಂಡಿತ್ತು. ನಿಂಗೆ ಗೊತ್ತಾಯ್ತಾ?"

"ನೀವು ನಗ್ತಾ ನುಡಿಸಿದ್ರಿ."

"ಅದರಲ್ಲಿ ನಗಲ್ವಾ ನಾನು?"

ಅವಳು ತಟ್ಟೆಗೆ ಇನ್ನೊಂದು ತುಂಡು ಕೇಕು ಹಾಕಿದಳು.

"ನಾಳೆ ತಂದ್ಬಿಡ್ತೀನಿ," ಎಂದ ಅವನು.

"ತನ್ನಿ," ಎಂದಳು.

ಐದೂವರೆಗೆ ಬಾಡಿಗೆಯ ಬ್ಯಾಂಡು ಬಂತು. ಮದುಮಗಳನ್ನು ಕರೆದೊಯ್ಯುವ ಮೆರವಣಿಗೆ ಹೊರಟಿತು. ಇಳಿಬಿಸಿಲಿನಲ್ಲಿ ಹಿತ್ತಾಳೆಯ ವಾದ್ಯಗಳು ಹೊಳೆದವು. ಕೆಂಪು ಕೋಟಿನ ಹತ್ತು ಜನ, ಎರಡು ಸಾಲು. ಮನೆಮನೆಯ ಬಾಗಿಲಲ್ಲಿ ಹೆಂಗಸರು ನಿಂತು ಕೈ ಬೀಸಿದರು. ಅಂತೋಣಿಸ್ವಾಮಿ ತಲೆಯಾಡಿಸುತ್ತ ಮುಂದೆ ನಡೆದರು. ಕ್ಯಾಥರೀನ್ ಅಳಲಿಲ್ಲ; ಅವಳಿಗೆ ಮತ್ತೆ ನಗು ಬಂದಿತ್ತು.

ಸೂಸೈರಾಜ್ ಹಿಂದಿನ ಸಾಲಿನ ಕೊನೆಯವನ ಪಕ್ಕಕ್ಕೆ ಬಂದ. ಆ ಮನುಷ್ಯ ತನ್ನ ಮೈಗಿಂತ ದೊಡ್ಡದಾದ ಕಹಳೆಯೊಂದನ್ನು ಹೆಗಲಿಗೆ ಸುತ್ತಿಕೊಂಡಿದ್ದ. ಅವನ ಕೆನ್ನೆಗಳು ಉಬ್ಬಿ ಇಳಿಯುತ್ತಿದ್ದವು. ಬೆರಳುಗಳು ಗುಂಡಿಗಳ ಮೇಲೆ ಚುರುಕಾಗಿ ಓಡುತ್ತಿದ್ದವು. ಸೂಸೈರಾಜ್ ಇನ್ನೂ ಹತ್ತಿರ ಬಂದು ಕಿವಿಗೊಟ್ಟ. ಅದರಿಂದ ಸದ್ದೇ ಬರುತ್ತಿರಲಿಲ್ಲ. ಅಗಲವಾದ ಹಿತ್ತಾಳೆಯ ಬಾಯಿಯ ಒಳಗೆ ಹಳೆಯ ಬಟ್ಟೆ ತುರುಕಿತ್ತು.

ಸಾಲು ತುಂಬಲು ಕರೆತಂದವನು. ಉಳಿದವರು ಊದುತ್ತಿದ್ದರು.

ಅವನು ಸೂಸೈರಾಜ್‌ನನ್ನು ನೋಡಿದ. ಮುಚ್ಚಿಕೊಳ್ಳಲಿಲ್ಲ. ಹುಬ್ಬು ಕುಣಿಸಿ, ಕೆನ್ನೆ ತುಂಬ ಗಾಳಿ ತುಂಬಿಕೊಂಡು, ಇಡೀ ಬೀದಿಯಲ್ಲಿ ತನ್ನಷ್ಟು ಸುಖವಾಗಿ ಇನ್ನಾರೂ ಇಲ್ಲವೇನೋ ಎಂಬಂತೆ ತಾಳಕ್ಕೆ ಸರಿಯಾಗಿ ಹೆಜ್ಜೆ ಹಾಕಿದ. ಸೂಸೈರಾಜ್ ಹಿಂದೆ ಉಳಿಯಬೇಕೆಂದುಕೊಂಡ. ಅವನ ಕಾಲು ಆಗಲೇ ಆ ಹೆಜ್ಜೆಗೆ ಹೆಜ್ಜೆ ಕೂಡಿಸಿತ್ತು.