ಡೇರೆಗೊಂದು ಜಾಗ

ಬಿಡಾರದ ಮೈದಾನದ ಕಚೇರಿಯಲ್ಲಿ ಕೌಂಟರಿನ ಹಿಂದಿದ್ದ ಹೆಂಗಸು ನಕ್ಷೆಯನ್ನು ಮಾರ್ಲಿಸ್ ಕಡೆಗೆ ತಿರುಗಿಸಿ, ಕೊಳದ ಆಚೆ ದಡದ ಮೇಲೆ ಪೆನ್ನಿನಿಂದ ಒಂದು ಸುತ್ತು ಹಾಕಿದಳು. ಡೇರೆಗಳೆಲ್ಲ ಅಲ್ಲಿ, ಮನೆಗಾಡಿಗಳೆಲ್ಲ ಇಲ್ಲಿ ಎಂದಳು. ಆಚೆ ದಡದಲ್ಲಿ ಕರೆಂಟು ಇದೆಯೇ ಎಂದು ಮಾರ್ಲಿಸ್ ಕೇಳಿದಳು. ಇರಲಿಲ್ಲ. ಹಾಗಾದರೆ ಮನೆಗಾಡಿ ನಿಲ್ಲಿಸುವಲ್ಲೇ, ಅದರ ಪಕ್ಕಕ್ಕೆ ಒಂದು ಸಣ್ಣ ಡೇರೆ ಹಾಕಿಕೊಳ್ಳಬಹುದೇ, ಒಬ್ಬರು ಮಲಗುವಷ್ಟು? ಹೆಂಗಸು ಸಿಡುಕಲಿಲ್ಲ. ಪೆನ್ನಿನ ತುದಿಯನ್ನು ಗೋಡೆಯ ಮೇಲಿದ್ದ ನಿಯಮಗಳ ಪಟ್ಟಿಯತ್ತ ತೋರಿಸಿ, ಏಳನೆಯದನ್ನು ಓದಿ ಎಂದಳು. ಮನೆಗಾಡಿಯ ಜಾಗದಲ್ಲಿ ಡೇರೆ ಹಾಕುವಂತಿಲ್ಲ ಎಂದಿತ್ತು. ಮಾರ್ಲಿಸ್ ಓದಿದಳು, ಥ್ಯಾಂಕ್ಸ್ ಹೇಳಿದಳು, ನಕ್ಷೆಯನ್ನು ಮಡಚಿ ಕೈಚೀಲದಲ್ಲಿಟ್ಟುಕೊಂಡು ಹೊರಗೆ ಬಂದಳು.

ಅವಳ ಅಪ್ಪ ಆರ್ವಿನ್ ಫ್ರೆರಿಕ್ಸ್ ಪಿಕಪ್ ಗಾಡಿಯಿಂದಿಳಿದು ಮನೆಗಾಡಿಗಳ ಸಾಲನ್ನು ನೋಡುತ್ತ ನಿಂತಿದ್ದರು. ಎಂಬತ್ತೊಂದು ವರ್ಷ. ಹೆಗಲಿಗೆ ಇಳಿಬಿಟ್ಟ ಚೀಲದಲ್ಲಿ ಆಮ್ಲಜನಕ ಕೊಡುವ ಉಸಿರಿನ ಯಂತ್ರ. ಅದರಿಂದ ಹೊರಟ ಸಪೂರ ಕೊಳವೆ ಕಿವಿಗಳ ಹಿಂದಿನಿಂದ ಸುತ್ತಿ ಬಂದು ಮೂಗಿಗೆ ಸೇರಿತ್ತು. ಎದುರಿಗೆ ಸಾಲಾಗಿ ಸಿಮೆಂಟಿನ ಹಾಸುಗಳು, ಒಂದೊಂದರ ಮೇಲೂ ಒಳಗೇ ಮಂಚ, ಅಡುಗೆಮನೆ ಇರುವ ಬಸ್ಸಿನಷ್ಟು ಉದ್ದದ ಗಾಡಿ, ಗಾಡಿಯ ಮುಂದೆ ಪ್ಲಾಸ್ಟಿಕ್ ಹೂಕುಂಡ. ಎಲ್ಲೋ ಮಕ್ಕಳು ಈಜುಕೊಳಕ್ಕೆ ಧುಮುಕುವ ಸದ್ದು ಕೇಳುತ್ತಿತ್ತು.

"ಇಲ್ಲಿ ಗೂಟ ಹೊಡೀಬೇಕು ಅಂದ್ರೆ ಮೊದಲು ಡೈನಮೈಟ್ ತರಬೇಕು," ಎಂದರು ಆರ್ವಿನ್. ಮಗಳು ನಗಲಿಲ್ಲ. ಗಾಡಿ ಹತ್ತಿ ಎಂದಳು.

ಪ್ರತಿ ಆಗಸ್ಟಿನಲ್ಲಿ, ಶಾಲೆ ಶುರುವಾಗುವುದಕ್ಕೆ ಮುಂಚಿನ ವಾರ, ಫ್ರೆರಿಕ್ಸ್ ಮನೆಯವರು ಬಯಲಲ್ಲಿ ಬಿಡಾರ ಹೂಡುತ್ತಿದ್ದರು. ಮಾರ್ಲಿಸ್‌ಗೆ ನಾಲ್ಕು ವರ್ಷವಿದ್ದಾಗಿನಿಂದ ನಡೆದುಬಂದದ್ದು. ಅಮ್ಮ ತೀರಿಕೊಂಡ ವರ್ಷವೂ ತಪ್ಪಿರಲಿಲ್ಲ. ಯಾವಾಗಲೂ ಒಂದೇ ಕೆರೆ, ಒಂದೇ ಮೂಲೆ. ಅಲ್ಲಿ ಯಾರು ಯಾವುದರಲ್ಲಿ ಮಲಗುತ್ತಾರೆಂದು ಕೇಳುವವರಿರಲಿಲ್ಲ. ಈ ಬೇಸಿಗೆಯಲ್ಲಿ ಆ ಕೆರೆಯ ಕಟ್ಟೆ ರಿಪೇರಿಯೆಂದು ನೀರನ್ನೆಲ್ಲ ಬಿಟ್ಟು, ಗೇಟಿಗೆ ಬೀಗ ಹಾಕಿದ್ದರು. ಹೊಸ ಜಾಗ ಹುಡುಕಬೇಕಾಗಿ ಬಂದಿದ್ದು ಹಾಗೆ.

ಅಮೆರಿಕದ ಆ ಅಯೋವಾ ಸೀಮೆಯಲ್ಲಿ ಬಿಡಾರದ ಜಾಗಗಳಿಗೇನೂ ಬರವಿರಲಿಲ್ಲ. ತೊಂದರೆ ಇದ್ದದ್ದು ಅಪ್ಪ ಮತ್ತು ಲೈಲ್ ನಡುವೆ. ಅಣ್ಣ ಲೈಲ್ ಮೂರು ವರ್ಷದ ಹಿಂದೆ ಮೂವತ್ತಡಿ ಉದ್ದದ ಮನೆಗಾಡಿ ಕೊಂಡಿದ್ದ. ಚಳಿಗಾಲದಲ್ಲಿ ಅಪ್ಪನ ಎದೆ ಕೆಟ್ಟು, ಮಲಗುವಾಗ ಯಂತ್ರ ಬೇಕೇ ಬೇಕು ಎಂದು ಡಾಕ್ಟರು ಹೇಳಿದ ಮೇಲೆ, ಗಾಡಿಯ ಹಿಂದಿನ ಕೋಣೆಯನ್ನು ಅವರಿಗೆಂದು ಖಾಲಿ ಮಾಡಿ ಹೊಸ ಹಾಸಿಗೆ ಹಾಕಿಸಿದ್ದ. ಮಂಚದ ಪಕ್ಕಕ್ಕೆ ಹಿಡಿದುಕೊಂಡು ಏಳಲು ಒಂದು ಕಬ್ಬಿಣದ ಹಿಡಿಯನ್ನೂ ತಾನೇ ಕೂರಿಸಿದ್ದ. ಆರ್ವಿನ್ ಅದನ್ನೆಲ್ಲ ನೋಡಿ, ಚೆನ್ನಾಗಿದೆ, ಆದರೆ ನಾನು ಮಲಗುವುದು ಡೇರೆಯಲ್ಲಿ ಎಂದಿದ್ದರು. ಫೋನಿನಲ್ಲಿ ಎರಡು ಸಲ ಜಗಳವಾಗಿ, ಎರಡನೆಯ ಸಲ ಅಪ್ಪ ಮಾತಿನ ನಡುವೆಯೇ ಫೋನಿಟ್ಟಿದ್ದರು. ಲೈಲ್ ತಂಗಿಗೆ ಫೋನು ಮಾಡಿ, ಜಾಗ ನೀನೇ ಆರಿಸು, ಎಲ್ಲಾದರೂ ಸರಿ, ಅಪ್ಪ ಮಾತ್ರ ನನ್ನ ಗಾಡಿಯೊಳಗೆ ಎಂದ. ಅಪ್ಪ, ಡೇರೆ ಇಲ್ಲದಿದ್ದರೆ ನೀವು ನೀವೇ ಹೋಗಿ ಎಂದರು.

ಮಾರ್ಲಿಸ್ ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷದಿಂದ ಕೆಲಸ ಮಾಡುವವಳು. ಮುನ್ನೂರು ಮಕ್ಕಳ ಬೇಕುಬೇಡಗಳನ್ನು ಒಂದೇ ತಟ್ಟೆಯಲ್ಲಿ ಹೊಂದಿಸಿ ಅಭ್ಯಾಸ. ಈ ಇಬ್ಬರನ್ನು ಹೊಂದಿಸುವುದು ಅವಳಿಗೆ ಬಗೆಹರಿದಿರಲಿಲ್ಲ. ನಿಜ ಹೇಳಬೇಕೆಂದರೆ ಅವಳ ಮನಸ್ಸು ಅಣ್ಣನ ಕಡೆಗೇ ಇತ್ತು. ಆ ವಯಸ್ಸಿನಲ್ಲಿ ನೆಲದ ಮೇಲೆ ಮಲಗುವ ಹಟವೇಕೆ ಎಂದು ಅವಳಿಗೂ ಅನ್ನಿಸುತ್ತಿತ್ತು.

ಎರಡನೆಯ ಜಾಗ ಜಿಲ್ಲೆಯವರ ಉದ್ಯಾನ. ನದಿಯ ಪಕ್ಕದ್ದು, ನೋಡಲು ಬಲು ಚೆಂದ. ಮನೆಗಾಡಿಗಳು ಮೇಲೆ ದಿಣ್ಣೆಯ ಮೇಲೆ, ಕರೆಂಟಿನ ಕಂಬಗಳ ಪಕ್ಕ. ಡೇರೆಗಳು ಕೆಳಗೆ, ಓಕ್ ಮರಗಳ ನೆರಳಲ್ಲಿ, ನೀರಿನ ಬದಿಗೆ. ಎರಡರ ನಡುವೆ ಜಲ್ಲಿಯ ಇಳಿಜಾರು. ಆರ್ವಿನ್ ಬೇಡವೆಂದರೂ ಕೇಳದೆ ಕೆಳಗಿಳಿದು ಹೋಗಿ, ಒಂದೊಂದು ಜಾಗವನ್ನೂ ನೋಡಿ, ನದಿಯ ನೀರಿಗೆ ಕೈ ಅದ್ದಿ ಮುಖ ಒರೆಸಿಕೊಂಡರು. ಹತ್ತಿ ಬರುವಾಗ ಅರ್ಧ ದಾರಿಯಲ್ಲಿ ನಿಂತುಬಿಟ್ಟರು. ತುಟಿಯ ಬಣ್ಣ ಬದಲಾಗಿತ್ತು. ಅಲ್ಲೊಂದು ಮರದ ಮೇಜು, ಬೆಂಚು ಇದ್ದದ್ದು ಪುಣ್ಯ. ಮಾರ್ಲಿಸ್ ಅವರನ್ನು ಕೂರಿಸಿ, ಏನೂ ಆಗಿಲ್ಲವೆಂಬ ಹಾಗೆ ಊಟದ ಡಬ್ಬಿ ತರಲು ಗಾಡಿಗೆ ಹೋದಳು.

ಹ್ಯಾಮ್ ಇಟ್ಟ ಬನ್ನು, ಸೌತೆಯ ಉಪ್ಪಿನಕಾಯಿ, ಹಿತ್ತಲಲ್ಲಿ ಬೆಳೆದ ರುಬಾರ್ಬ್ ಎಂಬ ಹುಳಿದಂಟು ಹಾಕಿ ಅವಳೇ ಬೇಯಿಸಿದ ಸಿಹಿ. ಆರ್ವಿನ್ ಸಿಹಿಯನ್ನೇ ಮೊದಲು ತಿಂದರು. ಉಸಿರು ಹದಕ್ಕೆ ಬರುವವರೆಗೆ ಅವಳು ಕಾದಳು. ಆಮೇಲೆ, ಈ ಡೇರೆಯಲ್ಲಿ ಅಂಥದ್ದೇನಿದೆ ಎಂದು ಕೇಳಿದಳು. ತಕರಾರಿನ ದನಿಯಲ್ಲಿ ಕೇಳಲಿಲ್ಲ, ತಿಳಿಯಬೇಕೆಂದೇ ಕೇಳಿದಳು.

ಅವರು ಬಹಳ ಹೊತ್ತು ನದಿಯನ್ನೇ ನೋಡಿದರು. ಮೂವತ್ತೆರಡು ವರ್ಷ ಹಳ್ಳಿಗಳಿಗೆ ಟಪಾಲು ಹಂಚಿದ ಮನುಷ್ಯ. ಒಬ್ಬರೇ ಗಾಡಿಯಲ್ಲಿ ಕೂತು ದಿನ ಕಳೆದವರು. ಮಾತು ಹುಡುಕಿಕೊಳ್ಳಲು ಅವರಿಗೆ ಸಮಯ ಬೇಕಾಗುತ್ತಿತ್ತು.

"ಮೇ ತಿಂಗಳಲ್ಲಿ ಲೈಲ್ ಅವನ ಅಂಗಳದಲ್ಲೇ ಗಾಡಿ ನಿಲ್ಸಿ ನನ್ನ ಒಂದು ದಿನ ಮಲಗಿಸಿದ್ನಲ್ಲ," ಎಂದರು. "ಒಳ್ಳೆ ಹಾಸಿಗೆ. ನಾನೇನೂ ದೂರಲ್ಲ. ಆದ್ರೆ ನಾನು ಮಲಗಿದ್ದೇ ತಡ, ಎಲ್ರೂ ಪಿಸುಪಿಸು ಶುರು ಮಾಡಿದ್ರು. ಸೊಸೆ ಟ್ರೂಡಿ ಚಮಚ ಇಡೋದೂ ಮೆಲ್ಲಗೆ. ಅವರ ಮನೆ ಮಗು ನಕ್ರೆ ಶ್ ಅಂತಾರೆ. ಅಲ್ಲಿ ಬಿದ್ಕೊಂಡು ನಾನು, ಎಲ್ರೂ ನನಗೋಸ್ಕರ ಸುಮ್ಮನಿರೋದನ್ನ ಕೇಳಿಸ್ಕೋತಿದ್ದೆ."

ಮಾರ್ಲಿಸ್ ಊಟದ ಡಬ್ಬಿಯ ಮುಚ್ಚಳ ಹಾಕಿದಳು.

"ಡೇರೆ ಒಳಗೆ ಹೋಗಿ ಮಲಗಿದ್ರೆ ಹೊರಗಿನೋರು ನಿನ್ನ ಮರೀತಾರೆ, ಮಗಳೇ. ನಗ್ತಾರೆ, ಜಗಳ ಆಡ್ತಾರೆ, ಇಸ್ಪೀಟಲ್ಲಿ ಮೋಸ ಮಾಡ್ತಾರೆ. ನಿನ್ನ ಅಮ್ಮನೂ ನಾನೂ ಒಳಗೆ ಮಲಗಿ ನಿಮ್ಮಿಬ್ಬರ ಮಾತು ಕೇಳ್ತಾ ಕೇಳ್ತಾ ನಿದ್ದೆ ಹೋಗ್ತಿದ್ವಿ. ನನಗೆ ಅಷ್ಟು ಸಾಕು."

ಅವರು ಎದ್ದು, ಉಳಿದ ದಾರಿಯನ್ನು ಎರಡು ಕಡೆ ನಿಂತು ನಿಂತು ಹತ್ತಿದರು. ಕರೆಂಟಿಲ್ಲದ ಆ ನದಿಯ ಬದಿಯ ಬಗ್ಗೆ ಇಬ್ಬರೂ ಮತ್ತೆ ಮಾತೆತ್ತಲಿಲ್ಲ.

ಮೂರನೆಯ ಜಾಗ ಅವರ ಪಟ್ಟಿಯಲ್ಲೇ ಇರಲಿಲ್ಲ. ಯಂತ್ರದ ಬ್ಯಾಟರಿ ಇಳಿಯುತ್ತ ಬಂದಿತ್ತು. ಚಾರ್ಜು ಮಾಡಲು ಎಲ್ಲಾದರೂ ನಿಲ್ಲಿಸಬೇಕಿತ್ತು. ಬೆಕರ್‌ಬರ್ಗ್ ಎಂಬ ಸಣ್ಣ ಊರಿನ ಅಂಚಿನಲ್ಲಿ, ಚೆಂಡಾಟದ ಮೈದಾನದ ಹಿಂದೆ, ಬಿಡಾರದ ಗುರುತಿನ ಹಲಗೆ ಕಾಣಿಸಿತು. ಎಂಟೇ ಎಂಟು ಜಾಗ. ಒಂದೊಂದಕ್ಕೂ ಒಂದು ಕರೆಂಟಿನ ಕಂಬ, ಉಳಿದದ್ದೆಲ್ಲ ಹುಲ್ಲು. ಕೆರೆ ಇಲ್ಲ, ನದಿ ಇಲ್ಲ. ರೈಲು ಹಳಿಯ ಆಚೆ ಜೋಳ ತುಂಬುವ ಉಕ್ಕಿನ ಕಣಜಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಹುಲ್ಲು ಕತ್ತರಿಸುವ ಗಾಡಿಯ ಮೇಲೆ ಒಬ್ಬ ಮುದುಕಿ ಕೂತು ಸುತ್ತುತ್ತಿದ್ದಳು. ಇವರನ್ನು ಕಂಡು ಯಂತ್ರ ನಿಲ್ಲಿಸಿ, ಟೋಪಿ ಹಿಂದಕ್ಕೆ ಸರಿಸಿದಳು. ಅವಳ ಹೆಸರು ಓಪಲ್. ಊರಿನ ಪರವಾಗಿ ಆ ಜಾಗ ನೋಡಿಕೊಳ್ಳುವವಳು. ಆರ್ವಿನ್‌ರ ಮೂಗಿನ ಕೊಳವೆ ನೋಡಿದವಳೇ, ಕೇಳುವುದಕ್ಕೆ ಮುಂಚೆಯೇ ಹತ್ತಿರದ ಕಂಬದ ಮುಚ್ಚಳ ತೆಗೆದು, ಇಲ್ಲಿ ಸಿಕ್ಕಿಸಿ ಎಂದು ತೋರಿಸಿದಳು.

ಯಂತ್ರದ ಹಸಿರು ದೀಪ ಹತ್ತಿತು. ಮಾರ್ಲಿಸ್ ಆ ದೀಪವನ್ನೂ, ಕಂಬದ ಬುಡದ ಹುಲ್ಲನ್ನೂ ನೋಡಿದಳು. ಬೆಳಿಗ್ಗೆ ಮೊದಲ ಜಾಗದಲ್ಲಿ ಕೇಳಿದ್ದನ್ನೇ, ಇಲ್ಲವೆಂಬ ಉತ್ತರಕ್ಕೆ ಸಿದ್ಧಳಾಗಿಯೇ, ಮತ್ತೆ ಕೇಳಿದಳು. ಅಣ್ಣನ ಮನೆಗಾಡಿ ಇಲ್ಲಿ ನಿಂತರೆ, ಅದರ ಪಕ್ಕ ಒಂದು ಡೇರೆ ಹಾಕಬಹುದೇ?

"ಟೆಂಟಾದ್ರೂ ಹಾಕ್ಕೊಳ್ಳಿ, ಅರಮನೆಯಾದ್ರೂ ಕಟ್ಕೊಳ್ಳಿ," ಎಂದಳು ಓಪಲ್. "ನೀರಿನ ಪೈಪ್ ಮೇಲೆ ಗೂಟ ಹೊಡೀಬೇಡಿ, ಅಷ್ಟೆ. ಹೋದ ವರ್ಷ ಒಬ್ಬ ಪುಣ್ಯಾತ್ಮ ಹೊಡೆದು ಇಡೀ ಮೈದಾನ ಕೆಸರಾಗಿತ್ತು. ಮತ್ತೆ ಈ ಅಜ್ಜಯ್ಯನ ಹತ್ರ ಬೆಂಕಿ ಗಿಂಕಿ ಬೇಡ. ಒಲೆ ಬಳಸೋದಿದ್ರೆ ಅಲ್ಲಿ, ಬೇಲಿ ಹತ್ರ."

"ಅಜ್ಜಯ್ಯ ಯಾರು?" ಎಂದರು ಆರ್ವಿನ್.

"ನನ್ನ ಕಣ್ಣಿಗೆ ನೀವೊಬ್ರೇ ಕಾಣ್ತಿದ್ದೀರಿ."

ಅವರು ನಕ್ಕರು. ಬೆಳಿಗ್ಗೆಯಿಂದ ಮೊದಲ ಸಲ.

ದಿನಕ್ಕೆ ನಾಲ್ಕು ಸಲ ಗೂಡ್ಸ್ ರೈಲು ಹೋಗುತ್ತದೆ, ಆಮೇಲೆ ದೂರು ಹೇಳಬೇಡಿ ಎಂದು ಓಪಲ್ ಎಚ್ಚರಿಸಿದಳು. ಆಗಸ್ಟಿನ ಆ ವಾರ ಯಾರದೋ ಮದುವೆಯ ನೆಂಟರು ಆರು ಜಾಗ ಕೇಳಿದ್ದರು. ಉಳಿದದ್ದು ಮೂಲೆಯ ಎರಡು ಮಾತ್ರ, ಅವೂ ಬೇಕೋ ಬೇಡವೋ ಎಂದು ಸಂಜೆ ಹೇಳುತ್ತೇವೆ ಎಂದಿದ್ದರು. ಬೇಕಿದ್ದರೆ ಈಗಲೇ ಹೆಸರು ಬರೆದುಕೊಳ್ಳುತ್ತೇನೆ ಎಂದು ಜೇಬಿನಿಂದ ಪೆನ್ಸಿಲು ತೆಗೆದಳು.

ಮಾರ್ಲಿಸ್ ಫೋನು ಕೈಗೆತ್ತಿಕೊಂಡಳು. ಲೈಲ್‌ನ ಮೀನಿನ ಗಾಳಗಳು, ದೋಣಿ, ನೀರು ಕಾಣುವ ಕಿಟಕಿ ಬೇಕೆನ್ನುವ ಟ್ರೂಡಿ ಎಲ್ಲ ನೆನಪಾದರು. ಅವನನ್ನು ಕೇಳದೆ ಅವಳು ಈವರೆಗೆ ಯಾವುದನ್ನೂ ಗೊತ್ತು ಮಾಡಿದವಳಲ್ಲ. ಅಮ್ಮನ ಸಮಾಧಿಯ ಕಲ್ಲಿನ ಬಣ್ಣವನ್ನೂ. ಬೆರಳು ಅವನ ಹೆಸರಿನ ಮೇಲೆ ನಿಂತಿತ್ತು. ಫೋನನ್ನು ವಾಪಸು ಜೇಬಿಗಿಟ್ಟು, "ಫ್ರೆರಿಕ್ಸ್ ಅಂತ ಬರ್ಕೊಳ್ಳಿ. ಎರಡೂ," ಎಂದಳು. ಪೆನ್ಸಿಲು ಬರೆದು ಮುಗಿಸಿದ ಮೇಲೆ ಅಣ್ಣನಿಗೆ ಫೋನು ಮಾಡಿದಳು.

ಮುಕ್ಕಾಲು ಗಂಟೆಯಲ್ಲಿ ಲೈಲ್ ಬಂದ. ಬೀಜದ ಕಂಪನಿಯ ಮಾರಾಟದವನು. ಯಾರದೋ ಹೊಲದಿಂದ ನೇರ ಬಂದಿದ್ದ, ಇಸ್ತ್ರಿ ಮಾಡಿದ ಅಂಗಿ, ಖಾಕಿ ಪ್ಯಾಂಟು. ಅಪ್ಪ ದೂರದಲ್ಲಿ ಓಪಲ್ ಜೊತೆ ಹುಲ್ಲು ಕತ್ತರಿಸುವ ಗಾಡಿಯ ಅಲಗು ಪರೀಕ್ಷಿಸುತ್ತ ನಿಂತಿದ್ದರು. ಮಗನಿಗೆ ಕೈಯೆತ್ತಿದರು, ಹತ್ತಿರ ಬರಲಿಲ್ಲ. ಲೈಲ್ ಮೈದಾನವನ್ನೊಮ್ಮೆ ನೋಡಿದ, ಕಣಜಗಳನ್ನು ನೋಡಿದ.

"ಕೆರೆ ಇಲ್ಲ, ನೆರಳಿಲ್ಲ. ಬೆಳಿಗ್ಗೆ ಎದ್ರೆ ಕಣ್ಣೆದುರಿಗೆ ಕಣಜ. ಇದನ್ನ ಹುಡುಕೋಕೆ ದಿನವಿಡೀ ಬೇಕಾಯ್ತಾ ನಿನಗೆ?"

ಮಾರ್ಲಿಸ್ ಜಗಳ ಮಾಡಲಿಲ್ಲ. ನದಿಯ ಇಳಿಜಾರಿನ ಬೆಂಚಿನ ಮೇಲೆ ಕೂತು ಅಪ್ಪ ಹೇಳಿದ್ದನ್ನು, ಚಮಚದ ಮಾತನ್ನೂ ಸೇರಿಸಿ, ಹೇಳಿದ ಹಾಗೇ ಹೇಳಿದಳು. ಲೈಲ್ ಕೇಳುತ್ತ ಕೇಳುತ್ತ ಮುಖವನ್ನು ಹಳಿಯ ಕಡೆ ತಿರುಗಿಸಿದ. ಮಾತಾಡಿದಾಗ ಅವನ ದನಿಯಲ್ಲಿ ಮೊದಲಿನ ಬಿಗಿ ಇರಲಿಲ್ಲ.

"ನಾವೇನು ಅವ್ರನ್ನ ದೂರ ಇಡೋಕೆ ಪಿಸುಗುಟ್ಟಿದ್ವಾ? ಆ ದಿನ ನಾನು ನಿದ್ದೆನೇ ಮಾಡಿಲ್ಲ, ಮಾರ್ಲಿಸ್. ಬಾಗಿಲ ಹತ್ರ ಕೂತ್ಕೊಂಡು ಉಸಿರು ಎಣಿಸ್ತಿದ್ದೆ. ಮಾತಾಡಿದ್ರೆ ಕೇಳಿಸಲ್ಲ ಅಂತ ಎಲ್ರನ್ನೂ ಸುಮ್ಮನಿರಿಸಿದ್ದು. ಒಂದು ಉಸಿರು ತಪ್ಪಿದ್ರೆ ನನಗೆ ಗೊತ್ತಾಗ್ಬೇಕಲ್ಲ."

ಅದು ಅವಳಿಗೆ ಗೊತ್ತಿರಲಿಲ್ಲ. ಅವಳು ಅಣ್ಣನ ತೋಳು ಮುಟ್ಟಿದಳು. ಯಂತ್ರ ನಿಂತರೆ ಅದೇ ಕೂಗಿಕೊಳ್ಳುತ್ತದೆ ಎಂದಳು. ಕಂಬದಿಂದ ಈಚೆಗೆ ಡೇರೆ, ಆಚೆಗೆ ನಿನ್ನ ಗಾಡಿ, ನಡುವೆ ಹತ್ತಡಿಯೂ ಇಲ್ಲ. "ನಿನ್ನ ಗಾಡಿಯದ್ದು ತಗಡು, ಡೇರೆದು ಬರೀ ಬಟ್ಟೆ. ಇದರಿಂದಾನೇ ಚೆನ್ನಾಗಿ ಕೇಳತ್ತೆ. ಕಿಟಕಿ ತೆಗೆದಿಡು. ಎಣಿಸ್ತಾ ಇರು ಬೇಕಿದ್ರೆ. ಆದ್ರೆ ಬಾಯಿ ಮುಚ್ಕೊಂಡು ಎಣಿಸಬೇಡ."

ಲೈಲ್ ಮೂಗಿನಲ್ಲೇ ಏನೋ ಸದ್ದು ಮಾಡಿದ. ನಗುವೋ ಏನೋ. ಡೇರೆಯೊಳಗೆ ಹಾಕಲು ಎತ್ತರದ ಮಡಚು ಮಂಚ ತನ್ನ ಗ್ಯಾರೇಜಿನಲ್ಲಿದೆ, ಅದಕ್ಕೆ ಆ ಹೊಸ ಹಾಸಿಗೆ ಹಿಡಿಸಬಹುದು ಎಂದ. ಒಂದು ಷರತ್ತು, ಮಳೆ ಬಂದರೆ ಎರಡನೆಯ ಮಾತಿಲ್ಲದೆ ಗಾಡಿಯೊಳಗೆ. ಅದನ್ನು ನೀನೇ ಅವರಿಗೆ ಹೇಳು ಎಂದಳು ಮಾರ್ಲಿಸ್.

ಅವನು ಕಂಬದ ಬಳಿಗೆ ಹೋಗಿ, ಅಲ್ಲಿಂದ ಹುಲ್ಲಿನ ಮೇಲೆ ಹೆಜ್ಜೆ ಅಳೆಯುತ್ತ ನಡೆದ. ಒಂದು ಕಡೆ ನಿಂತು ಬೂಟಿನ ತುದಿಯಿಂದ ನೆಲ ಒತ್ತಿ ನೋಡಿದ. ಆಮೇಲೆ ಆ ಖಾಕಿ ಪ್ಯಾಂಟಿನಲ್ಲೇ ಮಂಡಿಯೂರಿ ಕೂತು, ಹುಲ್ಲಿನೊಳಗೆ ಅಂಗೈ ಆಡಿಸತೊಡಗಿದ. ಕೈಗೆ ಸಿಕ್ಕಿದ ಬೆಣಚುಕಲ್ಲು, ಒಣಕಡ್ಡಿ, ಸೋಡಾ ಬಾಟಲಿಯ ತುಕ್ಕು ಹಿಡಿದ ಮುಚ್ಚಳ ಎಲ್ಲವನ್ನೂ ಒಂದೊಂದಾಗಿ ಹೆಕ್ಕಿ ಬೇಲಿಯ ಕಡೆಗೆ ಎಸೆದ. ಒಂದು ಡೇರೆಯಗಲದ ಜಾಗ ಪೂರ್ತಿ ಹಾಗೆ ತಡವಿ ಮುಗಿಸಿ, ಇಳಿಜಾರು ಎತ್ತ ಇದೆಯೆಂದು ನೋಡಲು ಅಂಗಾತ ಮಲಗಿದ. ತಲೆ ಒಂದು ದಿಕ್ಕಿಗಿಟ್ಟು ನೋಡಿದ, ಎದ್ದು ಇನ್ನೊಂದು ದಿಕ್ಕಿಗಿಟ್ಟು ಮಲಗಿದ. ಈ ಸಲ ಏಳಲಿಲ್ಲ. ಇಳಿಬಿಸಿಲು ನೇರ ಮುಖಕ್ಕೆ ಬೀಳುತ್ತಿತ್ತು. ಕಣ್ಣು ಕಿರಿದು ಮಾಡಿಕೊಂಡು ಹಾಗೆಯೇ ಮಲಗಿದ್ದ.

ಆರ್ವಿನ್ ಅಷ್ಟು ದೂರದಿಂದ ನೋಡುತ್ತಿದ್ದವರು ನಿಧಾನಕ್ಕೆ ನಡೆದು ಬಂದರು. ಮಗನ ತಲೆಯ ಹತ್ತಿರ ನಿಂತರು, ನೋಡಿದರು. ಆಮೇಲೆ ಎಡಕ್ಕೆ ಒಂದು ಹೆಜ್ಜೆ ಸರಿದರು, ಮತ್ತೆ ಅರ್ಧ ಹೆಜ್ಜೆ, ಅವರ ನೆರಳು ಅವನ ಕಣ್ಣುಗಳ ಮೇಲೆ ಬೀಳುವವರೆಗೆ.