ಒಂದಕ್ಷರ, ಒಂದು ಚುಕ್ಕೆ

ಶವಪೆಟ್ಟಿಗೆಯ ಮುಚ್ಚಳದ ಮೇಲೆ ವಿಭೂತಿ ಎಳೆಯಲು ಬಾಗಿದ ಪಂಚಾಕ್ಷರಿ ಸ್ವಾಮಿಗಳು, “ಡಾಕ್ಟರ್ ರಾಜಶೇಖರ್ ಅವರ ಧರ್ಮಪತ್ನಿ, ತಾಯಿ ನೀಲಾಂಬಿಕಾ ಲಿಂಗೈಕ್ಯರಾಗಿದ್ದಾರೆ,” ಎಂದರು.

ಮುಂದಿನ ಸಾಲಿನಲ್ಲಿದ್ದ ಮಗಳು ಸ್ವರೂಪಳಿಗೆ ಮೈಯೆಲ್ಲ ಉರಿಯಿತು. ಶಿಕಾಗೋದಿಂದ ಲಿವೋನಿಯಾಕ್ಕೆ ಡ್ರೈವ್ ಮಾಡಿಕೊಂಡು ಬಂದ ಸ್ವಾಮಿಗಳಿಗೆ ಈ ಮನೆಯವರ ಪರಿಚಯವಿರಲಿಲ್ಲ. ಫ್ಯೂನರಲ್ ಹೋಮಿನ ಬಾಗಿಲ ಬಳಿಯ ಬೋರ್ಡಿನಲ್ಲಿ ‘ಡಾ. ಎನ್. ರಾಜಶೇಖರ್’ ಎಂದು ಓದಿ, ಎನ್. ಅಂದರೆ ನೀಲಾಂಬಿಕಾ ಎಂದು ಹೊಳೆಯದೆ, ಡಾಕ್ಟರ್ ಎಂದರೆ ಗಂಡನೇ ಎಂದುಕೊಂಡಿದ್ದರು. ಕನ್ನಡ ಕೂಟದ ಅರ್ಧ ಜನರದೂ ಅದೇ ಕತೆ. ಕಾರು ಕಂಪನಿಯಲ್ಲಿ ಬ್ರೇಕು ಡಿಸೈನ್ ಮಾಡುತ್ತಿದ್ದ ಅಪ್ಪನ ಮುಂದೆ ಎಷ್ಟೋ ಮಂದಿ ತಮ್ಮ ಶುಗರು, ಬಿಪಿ ತೋಡಿಕೊಂಡಿದ್ದರು. ಅಪ್ಪ ಗಂಭೀರವಾಗಿ ತಲೆಯಾಡಿಸುತ್ತಿದ್ದ. ರಾತ್ರಿಯಿಡೀ ಹೆರಿಗೆ ಮಾಡಿಸಿ ಬಂದ ಅವ್ವ ಅದೇ ಮಂದಿಗೆ ಚಪಾತಿ ಬಡಿಸುತ್ತಿದ್ದಳು.

*

ಸ್ವರೂಪ ಚಿಕ್ಕವಳಿದ್ದಾಗ ಅವ್ವ ಅವಳನ್ನು ನಾರ್ತ್‌ವಿಲ್‌ನ ಹಳೆಯ ಸ್ಮಶಾನಕ್ಕೆ ಕರೆದೊಯ್ದು, ಒಂದು ಗೋರಿಕಲ್ಲಿನ ಮುಂದೆ ಕೂತಿದ್ದಳು.

“ನೂರೈವತ್ತು ವರ್ಷದ ಹಿಂದಿನಾಕಿ. ಮೆಡಿಕಲ್ ಕಾಲೇಜಿಗೆ ಹೋದ್ರ ಹುಡುಗರು ಕೆಸರು ಒಗದ್ರಂತ. ಒರೆಸ್ಕೊಂಡು ಮುಂದಿನ ಬೆಂಚಿನಾಗ ಕುಂತ್ಲಂತ. ಸಾಯೂತನಕ ಪ್ರಾಕ್ಟೀಸ್ ಮಾಡಿದ್ಲು. ಕಲ್ಲಿನ ಮ್ಯಾಲೆ ಏನೈತಿ ಓದು.”

“ವೈಫ್,” ಎಂದಳು ಸ್ವರೂಪ. “ದಟ್ಸ್ ಇಟ್?”

ಅವ್ವ ಚೀಲದಿಂದ ರಂಗೋಲಿ ಪುಡಿ ತೆಗೆದು, ಕಲ್ಲಿನ ಬುಡದಲ್ಲಿ ‘ಡಾ.’ ಎಂದು ಬರೆದಳು.

“ಮಳಿ ಬಂದ್ರ?”

“ಮತ್ತ ಬರೀತೀನಿ.”

*

“ಸ್ವಾಮಿಗಳೇ, ತಡೀರಿ. ಡಾಕ್ಟರ್ ಅಪ್ಪ ಅಲ್ಲ, ಅವ್ವ.” ಸ್ವರೂಪ ಎದ್ದು ನಿಂತಿದ್ದಳು.

ಪಕ್ಕದ ಮನೆಯ ರುದ್ರಮ್ಮ ಅವಳ ಸೆರಗು ಜಗ್ಗಿದರು. “ಈಗ್ಯಾಕವಾ? ಇಷ್ಟು ಮಂದಿ ಅದಾರ.”

“ಮಂದಿ ಇದ್ದಾಗಲೇ ಹೇಳ್ಬೇಕು, ಆಂಟಿ.”

ಅವಳು ಅಪ್ಪನ ಕಡೆ ತಿರುಗಿದಳು. ಇವತ್ತೂ ಸುಮ್ಮನೆ ತಲೆಯಾಡಿಸಿದರೆ ಈ ಮನುಷ್ಯನನ್ನು ತಾನು ಕ್ಷಮಿಸುವುದಿಲ್ಲ ಎನಿಸಿತು. ಅಪ್ಪ ಕುರ್ಚಿ ಹಿಡಿದು ನಿಧಾನ ಎದ್ದ.

“ನಾ ಬ್ರೇಕ್ ಮಾಡಾಂವರಿ,” ಎಂದ. ಪೆಟ್ಟಿಗೆಯ ಕಡೆ ಕೈ ಮಾಡಿದ. “ಡಾಕ್ಟರ್ ಈಕಿ.”

ಸ್ವಾಮಿಗಳು ವಿಭೂತಿಯ ಬಟ್ಟಲನ್ನು ಸ್ವರೂಪಳ ಕಡೆ ಚಾಚಿದರು. ಅವಳು ಬೆರಳು ಅದ್ದಿ, ಮುಚ್ಚಳದ ಮೇಲೆ ಕೆತ್ತಿದ್ದ ಅವ್ವನ ಹೆಸರಿಗೆ ಮೊದಲು ‘ಡಾ.’ ಎಂದು ದೊಡ್ಡದಾಗಿ ಬರೆದಳು. ಪೆಟ್ಟಿಗೆ ಎತ್ತಲು ಬಂದ ಗಂಡಸರ ನಡುವೆ ನುಗ್ಗಿ ತಾನೂ ಒಂದು ಹಿಡಿಕೆ ಹಿಡಿದಳು.

ಹೊರಗೆ ಹನಿ ಶುರುವಾಗಿತ್ತು. ಅಪ್ಪ ಕೊಡೆ ಬಿಚ್ಚಿ, ಆ ಒಂದು ಅಕ್ಷರದ ಮೇಲೆ ಹಿಡಿದು, ತಾನು ನೆನೆಯುತ್ತಾ ಪೆಟ್ಟಿಗೆಯ ಪಕ್ಕದಲ್ಲೇ ನಡೆದ.